ಅಪ್ಪಾ, ಒಂದೀಟ ಅಡ್ಡಾಡೂಣು ಬಾ

"ಹೊಟ್ಟಿ ಕೊಯ್ದು ಇನ್ನೂ ಒಂದಿನಾ ಆಗಿಲ್ಲ, ಎದ್ದು ಅಡ್ಡಾಡು ಅಂತಾರಲ್ಲ! ಇವರಿಗೆ ಕರುಣಾ ಐತೋ ಇಲ್ಲೋ?"

ವಾರ್ಡಿನಲ್ಲಿ ಅವ್ವ ಇಷ್ಟು ಜೋರಾಗಿ ಕೇಳಿದಾಗ ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಎದುರಿಗೆ ನಿಂತಿದ್ದ ಫಿಸಿಯೋಥೆರಪಿಸ್ಟ್‌ಗೆ ಹೆಚ್ಚುಕಡಿಮೆ ನನ್ನದೇ ವಯಸ್ಸು. ನಾನು ನಡುವೆ ಬಂದು, "ಮೇಡಂ, ಇವತ್ತೊಂದಿನ ಬಿಟ್ಬಿಡ್ರಿ. ಅಪ್ಪಗ ಭಾಳ ನೋವೈತಿ, ನಾಳೆ ನೋಡೂಣು" ಅಂದೆ. ಆಕೆ ಎರಡು ಸಲ ತಿಳಿಸಿ ಹೇಳಿದಳು. ನಾವು ಕೇಳಲಿಲ್ಲ. ಫೈಲಿನಲ್ಲಿ ಏನೋ ಬರೆದು ಹೋದಳು. ಅಪ್ಪನನ್ನು ಕಾಪಾಡಿದೆ ಅಂದುಕೊಂಡು ನಾನು ನಿಟ್ಟುಸಿರುಬಿಟ್ಟೆ.

ನಮ್ಮದು ರೋಣ. ಹೆಸರು, ಜೋಳ, ಕಡಲೆ ಬೆಳೆಯುವ ಎರೆಹೊಲ. ಅಪ್ಪನಿಗೆ 61. ದೊಡ್ಡ ಕರುಳಿನಲ್ಲಿ ಗಡ್ಡೆ ಇದೆ ಅಂತ ಗೊತ್ತಾದಾಗ ನಾನು ಬೆಂಗಳೂರಿನ ಆಫೀಸಿಗೆ ರಜೆ ಹಾಕಿ ಓಡಿಬಂದೆ. ಕೆಟ್ಟ ಭಾಗ ಕತ್ತರಿಸಿ ಕರುಳಿನ ಎರಡೂ ತುದಿ ಜೋಡಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ಇನ್ನೇನಿದ್ದರೂ ಹಾಸಿಗೆ, ವಿಶ್ರಾಂತಿ ಅಂತ ನಾವೆಲ್ಲ ನಂಬಿದ್ದೆವು.

ಮೂರನೇ ದಿನ ಜ್ವರ ಬಂತು. ಎದೆಯಲ್ಲಿ ಕಫ, ಬೆರಳಿಗೆ ಹಾಕಿದ ಮಷಿನ್ನಿನಲ್ಲಿ ಆಕ್ಸಿಜನ್ ಇಳಿಯತೊಡಗಿತು. ಡಾಕ್ಟರ್ ಬಿಡಿಸಿ ಹೇಳಿದರು: ಹೊಟ್ಟೆಯ ಗಾಯ ನೋಯುತ್ತದೆ ಅಂತ ರೋಗಿ ಮೇಲುಮೇಲೆ ಉಸಿರಾಡುತ್ತಾನೆ, ಕೆಮ್ಮಲು ಹೆದರುತ್ತಾನೆ. ಶ್ವಾಸಕೋಶದ ಕೆಳಭಾಗಕ್ಕೆ ಗಾಳಿಯೇ ಹೋಗುವುದಿಲ್ಲ. ಅಲ್ಲಿ ಕಫ ಕಟ್ಟಿ ಸೋಂಕು ಆಗುತ್ತದೆ. ಅಪ್ಪನದು ಬೀಡಿ ಸೇದಿದ ಎದೆ ಬೇರೆ. ಎದ್ದು ಕೂತಿದ್ದರೆ ಇದು ಆಗುತ್ತಲೇ ಇರಲಿಲ್ಲ ಅಂತ ಅವರು ಹೇಳಲಿಲ್ಲ. "ಮಲಗಿಸಿಟ್ಟಷ್ಟೂ ಇದರ ಭಯ ಜಾಸ್ತಿ" ಅಂದರು, ಅಷ್ಟೇ. ಆರನೇ ದಿನ ಮನೆಗೆ ಹೋಗಬೇಕಿದ್ದವರು ಹನ್ನೊಂದನೇ ದಿನ ಹೋದೆವು.

ಆ ಐದು ದಿನಗಳಲ್ಲಿ ನಾನು ಕಲಿತದ್ದನ್ನು ನಿಮಗೆ ಹೇಳಬೇಕು. ನಮ್ಮಲ್ಲಿ ಬಹಳ ಜನ ಊರಿಂದ ದೂರ ಇರುವವರು. ಅಪ್ಪ-ಅವ್ವನಿಗೆ ಇಂಥದ್ದು ಬಂದಾಗ ಗಡಿಬಿಡಿಯಲ್ಲಿ ಬಸ್ಸು ಹತ್ತುವವರು.

ಮಲಗಿಸಿಡುವ ಪದ್ಧತಿ ಒಂದು ಕಾಲಕ್ಕೆ ಆಸ್ಪತ್ರೆಗಳಲ್ಲೂ ಇತ್ತು. 1990ರ ದಶಕದಲ್ಲಿ ಡೆನ್ಮಾರ್ಕಿನ ಶಸ್ತ್ರವೈದ್ಯ ಹೆನ್ರಿಕ್ ಕೆಲೆಟ್ ಕರುಳಿನ ಆಪರೇಷನ್ ಆದವರಲ್ಲಿ ಇದನ್ನು ತಿರುವುಮುರುವು ಮಾಡಿ ನೋಡಿದರು. ನೋವಿಗೆ ಸರಿಯಾದ ಔಷಧ, ಬೇಗ ಊಟ, ಬೇಗ ಎಬ್ಬಿಸಿ ನಡೆಸುವುದು, ಈ ಮೂರನ್ನೂ ಕೂಡಿಸಿದಾಗ ಜನ ಬೇಗ ಚೇತರಿಸಿಕೊಂಡು ಮನೆಗೆ ಹೋದರು. ಈಗ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಇದೇ ರೂಢಿ. ಆ ಹುಡುಗಿಗೆ ಕರುಣೆ ಇತ್ತು. ನಮಗೆ ತಿಳಿವಳಿಕೆ ಇರಲಿಲ್ಲ.

ಮರುದಿನ ಆಕೆ ಬಂದಾಗ ನಾನೇ ಕ್ಷಮೆ ಕೇಳಿದೆ. ಆಕೆ ನಕ್ಕು, ಕೆಲಸ ಶುರು ಮಾಡಿದಳು. ಮೊದಲು ಉಸಿರು. ಮೂಗಿನಿಂದ ನಿಧಾನ ಎಳೆದು, ಎರಡು-ಮೂರು ಸೆಕೆಂಡು ಹಿಡಿದು, ಬಾಯಿಂದ ಬಿಡುವುದು. ಎಚ್ಚರ ಇದ್ದಷ್ಟು ಹೊತ್ತೂ ಗಂಟೆಗೆ ಹತ್ತು ಸಲ. ಇದಕ್ಕೆ ನನ್ನ ಫೋನಿನಲ್ಲಿ ಅಲಾರಂ ಇಟ್ಟೆ. ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಕೆಮ್ಮಬೇಕು, ಹೊಲಿಗೆ ಬಿಚ್ಚೀತು ಅನ್ನುವ ಭಯ ಹೋಗುತ್ತದೆ. ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ಇಲ್ಲದಿದ್ದರೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಏಳುವುದಕ್ಕೂ ಒಂದು ಕ್ರಮ ಇದೆ. ನಾವು ಅಪ್ಪನ ಎರಡೂ ಕೈ ಹಿಡಿದು ಎಳೆಯುತ್ತಿದ್ದೆವು. ಅದರಿಂದ ಭಾರವೆಲ್ಲ ಹೊಟ್ಟೆಗೇ ಬೀಳುತ್ತಿತ್ತು. ಮೊಣಕಾಲು ಮಡಚಿ, ಮೈಯೆಲ್ಲ ಒಟ್ಟಿಗೆ ಪಕ್ಕಕ್ಕೆ ಹೊರಳಿ, ಕಾಲು ಮಂಚದಿಂದ ಕೆಳಗಿಳಿಸಿ, ಮೊಣಕೈ ಊರಿ ಏಳಬೇಕು. ಹಾಗೆ ಎದ್ದ ಅಪ್ಪ, "ಅರೇ, ಇದ ಹಗುರ ಆತಲ್ಲವಾ" ಅಂದ.

ಆದರೂ ನಡೆಯಲು ಒಲ್ಲೆ ಅನ್ನುತ್ತಿದ್ದ. ಅಪ್ಪನನ್ನು ನಡೆಸಿದ್ದು ಪಕ್ಕದ ಮಂಚದವರು. ಅವರು ಗಜೇಂದ್ರಗಡದ ನೇಕಾರರು, ಪಟ್ಟೇದ ಅಂಚಿನ ಸೀರೆ ನೇಯುವವರು. ಅವರ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕೂಡಿಸಿದ್ದರು. ಚೀಲ ಖಾಲಿ ಮಾಡಿ, ಅಂಗಿ ಎಳೆದುಕೊಂಡು, ದಿನಕ್ಕೆ ನಾಲ್ಕು ಸಲ ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದರು. "ಬರ್ರಿ ಗೌಡ್ರ, ನಂದು ಚೀಲ ಹೊತ್ಕೊಂಡು ನಡ್ಯಾಕತ್ತೀನಿ. ನಿಮಗ ಅದೂ ಇಲ್ಲ" ಅಂದರು. ಅಪ್ಪ ಎದ್ದ. ಅವರಿಗೆ ಒಂದೇ ಚಿಂತೆ: ಮಗ್ಗದಲ್ಲಿ ಕೂತು ಕಾಲಲ್ಲಿ ತುಳಿಯುವುದು ಯಾವಾಗ? ಆರು ವಾರ ಬಿಟ್ಟು ಡಾಕ್ಟರಿಗೆ ತೋರಿಸಿ, ಆಮೇಲೆ ಅರ್ಧ ಗಂಟೆಯಿಂದ ಶುರು ಮಾಡಿ ಅಂತ ಆಕೆ ಹೇಳಿದಳು.

ನಿಜವಾದ ಪರೀಕ್ಷೆ ಇದ್ದದ್ದು ಮನೆಯಲ್ಲಿ. ರೋಣಕ್ಕೆ ಬಂದ ದಿನದಿಂದ ಮಾತಾಡಿಸಲು ಜನ. ಎಲ್ಲರದೂ ಒಂದೇ ಮಾತು: "ಮಲ್ಕೋರಿ, ಮಲ್ಕೋರಿ, ಏಳಬ್ಯಾಡ್ರಿ." ಅಲ್ಲಿ ಫಿಸಿಯೋಥೆರಪಿಸ್ಟ್ ಇಲ್ಲ. ನಾವೇ ಎಲ್ಲ. ಮೊದಲ ದಿನ ಪಡಸಾಲೆಯಿಂದ ಹಿತ್ತಲಿಗೆ, ಐದು ಸಲ. ವಾರದೊಳಗೆ ಓಣಿ ತುದಿಯ ಹನುಮಪ್ಪನ ಗುಡಿ. ಸುಸ್ತಾದರೆ ಕುಂಡ್ರಲು ಗುಡಿಕಟ್ಟೆ ಇತ್ತು. ಸುಸ್ತು ಸಹಜ, ತಿಂಗಳುಗಟ್ಟಲೆ ಇರಬಹುದು. ಕುಕ್ಕರುಗಾಲಲ್ಲಿ ಕೂತರೆ ಏಳುವುದು ಕಷ್ಟ ಅಂತ ಶೌಚಕ್ಕೆ ಕಮೋಡ್ ಕುರ್ಚಿ ತಂದೆವು. ನಾನು ಬೆಂಗಳೂರಿಗೆ ವಾಪಸ್ ಬಂದ ಮೇಲೆ ಸಂಜೆ ಆರಕ್ಕೆ ವಿಡಿಯೋ ಕಾಲ್ ಮಾಡುತ್ತಿದ್ದೆ. ನಾನು ಆಫೀಸಿನ ಟೆರೇಸಿನಲ್ಲಿ, ಅಪ್ಪ ಓಣಿಯಲ್ಲಿ. ಇಬ್ಬರೂ ನಡೆಯುತ್ತಿದ್ದೆವು.

ಒಂದು ದಿನ ಮಾತ್ರ ಫೋನಿನಲ್ಲೇ ಚೀರಿದೆ. ನಳ ಬಂದಿತ್ತು, ಅಪ್ಪ ತುಂಬಿದ ಕೊಡಕ್ಕೆ ಕೈ ಹಾಕಿದ್ದ. 15 ಲೀಟರಿನ ಕೊಡ ಅಂದರೆ 15 ಕಿಲೋ. ಮೊದಲ ಆರು ವಾರ ನಾಲ್ಕೈದು ಕಿಲೋಗಿಂತ ಜಾಸ್ತಿ ಎತ್ತುವಂತಿಲ್ಲ, ಒಳಗಿನ ಹೊಲಿಗೆ ಸಡಿಲಾಗಿ ಹರ್ನಿಯಾ ಬರಬಹುದು. ನಡೆಯುವುದು ಬೇಕು, ಎತ್ತುವುದು ಬೇಡ. ನಮ್ಮ ಜನ ಇದನ್ನು ಉಲ್ಟಾ ಮಾಡುತ್ತಾರೆ: ಹದಿನೈದು ದಿನ ಅಲುಗಾಡದೆ ಮಲಗಿ, ಹದಿನಾರನೇ ದಿನ ಚೀಲ ಹೊರುತ್ತಾರೆ.

ಇದೊಂದನ್ನು ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಹೊಟ್ಟೆ ಉಬ್ಬಿ ವಾಂತಿ, ಗಾಳಿಯೂ ಮಲವೂ ಹೋಗದಿರುವುದು, ಗಾಯ ಕೆಂಪಾಗಿ ಸೋರುವುದು, ಒಂದೇ ಕಾಲು ಬಾತು ನೋಯುವುದು, ಎದೆನೋವು, ಏದುಸಿರು, ಇವುಗಳಲ್ಲಿ ಯಾವುದೇ ಕಂಡರೂ ವ್ಯಾಯಾಮ ಬಿಟ್ಟು ಸೀದಾ ಆಸ್ಪತ್ರೆಗೆ ಹೋಗಿ. ಬೆಳಗಾಗಲಿ ಅಂತ ಕಾಯಬೇಡಿ. ಎಲ್ಲರ ಆಪರೇಷನ್ನೂ ಒಂದೇ ಥರ ಇರುವುದಿಲ್ಲ, ಹಾಗಾಗಿ ಎಷ್ಟು ನಡೆಯಬೇಕು, ಯಾವಾಗ ಏನು ಎತ್ತಬಹುದು ಅನ್ನುವುದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಬರೆಸಿಕೊಂಡು ಬನ್ನಿ.

ಮೊನ್ನೆ ಊರಿಗೆ ಹೋದಾಗ ಅವ್ವ ಫೋನಿನಲ್ಲಿದ್ದಳು. ಆ ಕಡೆ ನರಗುಂದದ ಕಾಕಾ. ಅವರಿಗೂ ಕರುಳಿನ ಆಪರೇಷನ್ ಅಂತೆ, ಮುಂದಿನ ತಿಂಗಳು. "ಬೀಡಿ ಇವತ್ತ ಬಿಡ್ರಿ" ಅಂತಿದ್ದಳು ಅವ್ವ. "ಈಗಿಂದನ ದಿನಾ ಅಡ್ಡಾಡ್ರಿ, ಉದ್ದ ಉಸುರ ತಗೊಳ್ಳೂದು ಕಲೀರಿ. ಕೊಯ್ದ ಮ್ಯಾಲ ಒಬ್ಬಾಕಿ ಹುಡುಗಿ ಬಂದು ಏಳ್ರಿ ಅಂತಾಳ. ನೋವಾಗ್ತೈತಿ, ಖರೇ. ಆದ್ರ ಆಕೀನ ವಾಪಸ್ ಕಳಸಬ್ಯಾಡ್ರಿ."

ನಾನು ಅಪ್ಪ ಎಲ್ಲಿ ಅಂತ ಹುಡುಕಿದೆ. ಮನೆಯಲ್ಲಿ ಇರಲಿಲ್ಲ. ಹೆಸರಿಗೆ ಹೂ ಬಂದಿದೆಯಾ ನೋಡಲು ಹೊಲಕ್ಕೆ ನಡೆದುಕೊಂಡು ಹೋಗಿದ್ದ.