ಧರ್ಮಸಭೆಯ ತೀರ್ಪೊಂದೇ ಸಾಕೇ?

ಶಿಗ್ಗಾಂವಿ ತಾಲೂಕಿನ ಹುಲಗೂರು ಹಜರತ್ ಶಾ ಖಾದರಿಯವರ ದರ್ಗಾದಿಂದ ಹೆಸರಾದ ಊರು. ಸಂತ ಶಿಶುನಾಳ ಶರೀಫರ ತಂದೆತಾಯಿಗಳು ಸಂತಾನಕ್ಕಾಗಿ ಬೇಡಿಕೊಂಡದ್ದು ಇಲ್ಲಿಯೇ ಎಂಬುದು ಈ ಸೀಮೆಯವರ ನಂಬಿಕೆ. ಇಂಥ ಊರುಗಳಲ್ಲಿ ಬೇರೆ ಬೇರೆ ಮತದವರು ಒಂದೇ ಸಂತೆಯಲ್ಲಿ ಕಾಯಿಪಲ್ಯ ಕೊಳ್ಳುತ್ತಾರೆ, ಒಬ್ಬರ ಮನೆಯ ಮದುವೆಗೆ ಮತ್ತೊಬ್ಬರು ಹೋಗುತ್ತಾರೆ. ಆದರೆ ಆ ಮದುವೆ ಮುರಿದುಬಿದ್ದ ದಿನ ಅವರವರ ಕಾನೂನು ಬೇರೆ ಬೇರೆ. ಹಿಂದೂ ಕುಟುಂಬಕ್ಕೆ 1955ರ ಹಿಂದೂ ವಿವಾಹ ಕಾಯಿದೆ, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಾದ ನಮಗೆ 1869ರ ವಿಚ್ಛೇದನ ಕಾಯಿದೆ. ಮೊದಲೆರಡರ ವಿಷಯ ಊರ ಹಿರಿಯರಿಗೂ ಅಷ್ಟಿಷ್ಟು ಗೊತ್ತು. ಹಾವೇರಿ ಜಿಲ್ಲೆಯಲ್ಲಿ ನಮ್ಮವರು ಬಹು ವಿರಳವಾದುದರಿಂದ ನಮ್ಮ ಕಾಯಿದೆಯ ವಿಷಯ ಇತರರಿಗೆ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ನಮಗೇ ತಿಳಿಯದಿರುವುದು ಖೇದದ ಸಂಗತಿ.

ಈ ಅಜ್ಞಾನದಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದುದು ಒಂದಿದೆ. ಧರ್ಮಪ್ರಾಂತ್ಯದ ನ್ಯಾಯಪೀಠವು ಒಂದು ವಿವಾಹವನ್ನು ಅಸಿಂಧುವೆಂದು ಸಾರಿದೊಡನೆ ಎಲ್ಲವೂ ಮುಗಿಯಿತು, ಇನ್ನು ಬೇರೊಂದು ಮದುವೆಗೆ ಅಡ್ಡಿಯಿಲ್ಲವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ದೇವಾಲಯದಲ್ಲಿ ಗುರುಗಳು ನೆರವೇರಿಸಿದ ವಿವಾಹಕ್ಕೆ ಸರಕಾರದ ಮಾನ್ಯತೆ ದೊರೆಯುವುದು 1872ರ ಕ್ರೈಸ್ತ ವಿವಾಹ ಕಾಯಿದೆಯಿಂದ. ಸರಕಾರದ ದೃಷ್ಟಿಯಲ್ಲಿ ಅದನ್ನು ಬಿಡಿಸುವ ಅಧಿಕಾರ ಕೋರ್ಟಿಗೆ ಮಾತ್ರ ಉಂಟು. ಹಿರಿಯರ ಮುಂದೆ ಬರೆದುಕೊಟ್ಟ ಸೋಡಚೀಟಿಗೂ ಧರ್ಮಸಭೆಯ ತೀರ್ಪಿಗೂ ಈ ವಿಷಯದಲ್ಲಿ ಕೋರ್ಟು ಭೇದವೆಣಿಸುವುದಿಲ್ಲ. ಕೇಳಲು ಕಠಿಣವಾದರೂ ವಾಸ್ತವ ಇದೇ.

ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 1996ರಲ್ಲಿಯೇ ಇದನ್ನು ಸ್ಪಷ್ಟಪಡಿಸಿತು. ಮೊದಲ ವಿವಾಹವು ಧರ್ಮಸಭೆಯ ಪೀಠದಿಂದ ರದ್ದಾಗಿದ್ದರೂ ಕೋರ್ಟಿನ ಡಿಕ್ರಿ ಇಲ್ಲದ ಕಾರಣ ಎರಡನೆಯ ವಿವಾಹ ನಿಲ್ಲಲಿಲ್ಲ. ಇದರ ಪರಿಣಾಮವನ್ನು ವಾಚಕರು ಯೋಚಿಸಬೇಕು. ಹೀಗೆ ಮರುಮದುವೆಯಾದವರ ಮೇಲೆ ದ್ವಿಪತ್ನಿತ್ವದ ದೂರು ಬರಬಹುದು. ಎರಡನೆಯ ಮದುವೆಯಲ್ಲಿ ಬಂದ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ಹೊಲದ ಪಹಣಿಯಲ್ಲಿ ತನ್ನ ಹೆಸರು ಸೇರಿಸಲು ಹೋದಾಗಲೇ ತಾನು ಕಾನೂನಿನಲ್ಲಿ ಹೆಂಡತಿಯಲ್ಲವೆಂದು ತಿಳಿಯಬಹುದು. ಅವಳು ಮಾಡಿದ ತಪ್ಪು ಯಾವುದು?

ಈ ಸಂಕಟವನ್ನು ನೀಗಿಸಬೇಕೆಂದು ಹೊರಟವರು ನಮ್ಮ ರಾಜ್ಯದವರೇ ಆದ ವಕೀಲ ಕ್ಲಾರೆನ್ಸ್ ಪಾಯ್ಸ್. ದಕ್ಷಿಣ ಕನ್ನಡದ ಕಥೋಲಿಕ ಸಂಘಟನೆಯ ಅಧ್ಯಕ್ಷರಾಗಿದ್ದವರು. ಧರ್ಮಸಭೆಯ ನ್ಯಾಯಪೀಠದ ತೀರ್ಪಿಗೆ ಸರಕಾರವೂ ಮಾನ್ಯತೆ ನೀಡಬೇಕೆಂದು 2013ರಲ್ಲಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. ಅವರ ಪರ ವಾದಿಸಿದವರು ಸೋಲಿ ಸೊರಾಬ್ಜಿಯವರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಪಾಯ್ಸ್ ಅವರ ಹೆಸರಿನ ಮತ್ತೊಂದು ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ಕ್ರೈಸ್ತರು ಬರೆದಿಟ್ಟ ಮೃತ್ಯುಪತ್ರಕ್ಕೆ ಕೋರ್ಟಿನ ಪ್ರೊಬೇಟ್ ಕಡ್ಡಾಯವೆಂಬ ನಿಯಮವನ್ನು ಪ್ರಶ್ನಿಸಿದ ಆ ಮೊಕದ್ದಮೆ 2001ರಲ್ಲಿ ಸೋತಿತು. ಆದರೆ ಮರುವರ್ಷವೇ ಸಂಸತ್ತು ಕಾಯಿದೆಯನ್ನು ತಿದ್ದಿ ಕ್ರೈಸ್ತರಿಗೆ ಆ ಕಡ್ಡಾಯದಿಂದ ವಿನಾಯಿತಿ ನೀಡಿತು. ಸೋತ ವಕೀಲರಿಂದಲೂ ಸಮುದಾಯಕ್ಕೆ ಉಪಕಾರವಾಗುವುದುಂಟು.

ಹಾಗಿದ್ದರೂ 2017ರ ತೀರ್ಪಿಗಾಗಿ ನಾವು ಮರುಗುವುದಿಲ್ಲ. ಪಾಯ್ಸ್ ಅವರ ಕಳಕಳಿಯನ್ನು ಗೌರವಿಸುತ್ತಲೇ ಈ ಮಾತನ್ನು ಹೇಳುತ್ತಿದ್ದೇವೆ. ಧರ್ಮಸಭೆಯ ನ್ಯಾಯಪೀಠವು ಪರಿಶೀಲಿಸುವುದು ಸಂಸ್ಕಾರವು ಆರಂಭದಿಂದಲೇ ಸಿಂಧುವಾಗಿತ್ತೇ ಎಂಬ ಒಂದೇ ಪ್ರಶ್ನೆಯನ್ನು. ಮಗು ಯಾರ ಬಳಿ ಇರಬೇಕು, ತಿಂಗಳಿಗೆ ಎಷ್ಟು ಜೀವನಾಂಶ ಬರಬೇಕು ಎಂಬುದನ್ನು ವಿಧಿಸಿ ವಸೂಲು ಮಾಡಿಸುವ ಶಕ್ತಿ ಅದಕ್ಕಿಲ್ಲ. ಆ ತೀರ್ಪಿನಿಂದಲೇ ಎಲ್ಲವೂ ಮುಗಿಯುವಂತಾಗಿದ್ದರೆ ಎಷ್ಟೋ ಹೆಣ್ಣುಮಕ್ಕಳು ಬರಿಗೈಯಲ್ಲಿ ತವರಿಗೆ ಮರಳಬೇಕಾಗುತ್ತಿತ್ತು.

ಕೋರ್ಟಿನ ಕಾಯಿದೆಯೂ ಹಿಂದೆ ನ್ಯಾಯವಾಗಿಯೇನೂ ಇರಲಿಲ್ಲ. ಹೆಂಡತಿಯ ವ್ಯಭಿಚಾರವೊಂದನ್ನು ಸಾಬೀತುಪಡಿಸಿದರೆ ಗಂಡನಿಗೆ ವಿಚ್ಛೇದನ ದೊರೆಯುತ್ತಿತ್ತು. ಹೆಂಡತಿಯಾದರೋ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ತೊರೆದುಹೋದುದನ್ನೋ ಸೇರಿಸಿ ಸಾಬೀತುಪಡಿಸಬೇಕಿತ್ತು. ಜಿಲ್ಲಾ ನ್ಯಾಯಾಧೀಶರು ಕೊಟ್ಟ ಡಿಕ್ರಿಯನ್ನು ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು ಸ್ಥಿರಪಡಿಸುವವರೆಗೆ ವರ್ಷಗಟ್ಟಲೆ ಕಾಯಬೇಕಿತ್ತು. ಬ್ರಿಟಿಷರು ಮಾಡಿಟ್ಟ ಈ ನಿಯಮ ಅವರು ಹೋಗಿ ಅರ್ಧ ಶತಮಾನ ಕಳೆದ ಮೇಲೂ ನಮ್ಮ ಹೆಣ್ಣುಮಕ್ಕಳ ತಲೆಯ ಮೇಲಿತ್ತು. 2001ರ ತಿದ್ದುಪಡಿ ಇವೆಲ್ಲವನ್ನೂ ತೊಡೆದುಹಾಕಿತು. ಈಗ ಕ್ರೌರ್ಯವೊಂದೇ ಸಾಕು, ಎರಡು ವರ್ಷ ತೊರೆದಿದ್ದರೂ ಸಾಕು. ಉಭಯರೂ ಒಪ್ಪಿ ಬೇರೆಯಾಗಲೂಬಹುದು. ಅದಕ್ಕೆ ಮೊದಲು ಎರಡು ವರ್ಷ ಬೇರೆ ವಾಸಿಸಿರಬೇಕೆಂದಿದ್ದ ಕಟ್ಟಳೆಯನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2014ರಲ್ಲಿ ಇತರ ಸಮುದಾಯದವರಿಗಿರುವಂತೆ ಒಂದು ವರ್ಷವೆಂದೇ ಓದಬೇಕೆಂದಿತು. ಮೊಕದ್ದಮೆ ನಡೆಯುವಾಗ ಹೆಂಡತಿಗೆ ಕೊಡುವ ಮಧ್ಯಂತರ ಜೀವನಾಂಶ ಗಂಡನ ಆದಾಯದ ಐದರಲ್ಲೊಂದು ಪಾಲನ್ನು ಮೀರಬಾರದೆಂಬ ಮಿತಿಯೂ ಹೋಯಿತು.

ಆದರೆ ಕಾಯಿದೆ ಪುಸ್ತಕದಲ್ಲಿದ್ದ ಮಾತ್ರಕ್ಕೆ ಹುಲಗೂರಿನ ಮನೆಗೆ ಬರುವುದಿಲ್ಲ. ಅದನ್ನು ತಂದು ಮುಟ್ಟಿಸುವವರು ವಕೀಲರು. ‘ಕೋರ್ಟು-ಕಚೇರಿ ಹತ್ತಿದರೆ ಮನೆತನದ ಮಾನ ಹೋಗುತ್ತದೆ’ ಎಂದು ಹಿಂಜರಿಯುವವರು ನಮ್ಮಲ್ಲಿ ಹೇರಳ. ಕುಟುಂಬ ವ್ಯಾಜ್ಯಗಳನ್ನು ಬಲ್ಲ ವಕೀಲರ ಕೆಲಸ ಜಗಳ ಹಚ್ಚುವುದೇ ಅಲ್ಲ. ರಾಜಿಗೆ ದಾರಿ ಇದೆಯೇ, ಯಾವ ಕಾಯಿದೆಯಡಿ ಅರ್ಜಿ ಹಾಕಬೇಕು, ಯಾವ ಕಾಗದಕ್ಕೆ ಸಹಿ ಮಾಡಬಾರದು ಎಂದು ಹೇಳುವುದೂ ಅವರ ಕೆಲಸವೇ. ಕೊನೆಯದಂತೂ ಬಹಳ ಮುಖ್ಯ. 1925ರ ಉತ್ತರಾಧಿಕಾರ ಕಾಯಿದೆಯಂತೆ ಮೃತ್ಯುಪತ್ರವಿಲ್ಲದೆ ತೀರಿಹೋದವನ ಆಸ್ತಿಯಲ್ಲಿ ಮೂರರಲ್ಲೊಂದು ಪಾಲು ವಿಧವೆಗೆ, ಉಳಿದದ್ದು ಗಂಡು-ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ. ಇದನ್ನರಿಯದೆ ಅಣ್ಣತಮ್ಮಂದಿರು ಮುಂದಿಟ್ಟ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿದ ಸೋದರಿಯರಿದ್ದಾರೆ.

ಖರ್ಚಿನ ಚಿಂತೆಯೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯವೆಷ್ಟೇ ಇರಲಿ ಉಚಿತ ವಕೀಲರನ್ನು ನೇಮಿಸಿಕೊಡಬೇಕು. ಇದು ಭಿಕ್ಷೆಯಲ್ಲ, ಹಕ್ಕು. ಹುಲಗೂರಿನವರು ಶಿಗ್ಗಾಂವಿ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು, ಹಾವೇರಿಯಲ್ಲಿ ಜಿಲ್ಲಾ ಪ್ರಾಧಿಕಾರವನ್ನು ಕಾಣಬಹುದು. 15100ಕ್ಕೆ ದೂರವಾಣಿ ಮಾಡಿದರೂ ಆದೀತು. ನಮ್ಮ ಅರ್ಜಿ ಅಲ್ಲಿ ಅಪರೂಪದ್ದಾದ ಕಾರಣ ‘ನಾವು ಕ್ರೈಸ್ತರು, ಮದುವೆ ಇಂಥ ದೇವಾಲಯದಲ್ಲಿ ಆಯಿತು’ ಎಂದು ಮೊದಲೇ ಹೇಳಿ, ಧರ್ಮಕೇಂದ್ರದ ವಿವಾಹ ದಾಖಲೆಯ ಪ್ರತಿಯನ್ನು ಕೈಯಲ್ಲಿಟ್ಟುಕೊಂಡು ಹೋಗುವುದು ಒಳಿತು.

ನಮ್ಮ ಗುರುಗಳಿಗೂ ಒಂದು ವಿನಂತಿಯಿದೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ವಿವಾಹ ವಿಚಾರಣೆಯ ವಿಧಿಗಳನ್ನು ಸರಳಗೊಳಿಸಿದರು. ಹಾಗೆ ತಿದ್ದಿದ ಸಂಹಿತೆಯ 1691ನೆಯ ವಿಧಿಯೂ, ದಂಪತಿಗಳಿಗೆ ಪರಸ್ಪರರ ಹಾಗೂ ಮಕ್ಕಳ ವಿಷಯದಲ್ಲಿರುವ ನೈತಿಕ ಮತ್ತು ಲೌಕಿಕ ಕಾನೂನಿನ ಹೊಣೆಗಳನ್ನು ತೀರ್ಪಿನಲ್ಲಿಯೇ ನೆನಪಿಸಬೇಕೆನ್ನುತ್ತದೆ. ವಕೀಲರ ಪಾಲಕ ಸಂತ ಈವೋ ಅವರು ಧರ್ಮಸಭೆಯ ನ್ಯಾಯಾಧೀಶರಾಗಿದ್ದುಕೊಂಡೇ ಬಡವರ ಪರವಾಗಿ ಇತರ ಕೋರ್ಟುಗಳಲ್ಲಿಯೂ ವಾದಿಸುತ್ತಿದ್ದರು. ಅಷ್ಟನ್ನು ನಾವು ಕೇಳುತ್ತಿಲ್ಲ. ನ್ಯಾಯಪೀಠದ ತೀರ್ಪಿನ ಪ್ರತಿಯೊಡನೆ ಒಂದು ಪುಟದ ಕನ್ನಡ ಸೂಚನೆಯನ್ನು ಲಗತ್ತಿಸಿ, ಕೋರ್ಟಿನ ಡಿಕ್ರಿ ಸಿಗುವವರೆಗೆ ಮರುಮದುವೆಯ ಓಲೆಯನ್ನು ದೇವಾಲಯದಲ್ಲಿ ಓದಲಾಗುವುದಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬರೆದರೆ ಸಾಕು.