ಗಿಡ್ಡ ನಾಯಿಯ ಗುಣಕ್ಕೆ ಯಾರು ಹೊಣೆ?



"ಗಿಡ್ಡ ನಾಯಿ ಬೊಗಳೋದು ಜಾಸ್ತಿ, ಮಾತು ಕೇಳೋದು ಕಮ್ಮಿ" ಅಂತ ಎಲ್ಲರೂ ಅಂತಾರೆ. ಮಾತು ಸುಳ್ಳಲ್ಲ. ಆದರೆ ತಪ್ಪು ನಾಯಿಯದು ಎಂಬುದನ್ನು ನಾನು ಒಪ್ಪುವುದಿಲ್ಲ. ಯಾಕೆಂದು ಜ್ಯಾಕ್ ರಸೆಲ್ ಟೆರಿಯರ್ ಎಂಬ ಜಾತಿಯ ಉದಾಹರಣೆ ಕೊಟ್ಟು ಹೇಳುತ್ತೇನೆ.

ಈ ನಾಯಿಯ ಎತ್ತರ 25ರಿಂದ 30 ಸೆಂ.ಮೀ., ಅಂದರೆ ಹೆಚ್ಚೆಂದರೆ ನಮ್ಮ ದೊಡ್ಡ ಸ್ಕೇಲಿನಷ್ಟು. ತೂಕ 5-6 ಕೆ.ಜಿ. ಮೈ ಬಹುಪಾಲು ಬಿಳಿ. ಹುಟ್ಟೂರು ಇಂಗ್ಲೆಂಡ್. ಅಲ್ಲಿ ಡೆವನ್ ಎಂಬ ಕಡೆ ಇದ್ದ ಪಾದ್ರಿ ಜಾನ್ ರಸೆಲ್ (1795-1883) ನರಿ ಬೇಟೆಗಾಗಿ ಸಾಕಿದ ನಾಯಿಗಳಿಂದ ಈ ಹೆಸರು ಬಂತು. 'ಟೆರಿಯರ್' ಎಂಬ ಪದದ ಮೂಲ, ಭೂಮಿ ಎಂಬ ಅರ್ಥದ ಲ್ಯಾಟಿನ್ ಶಬ್ದ. ನರಿ ಬಿಲ ಹೊಕ್ಕರೆ ದೊಡ್ಡ ನಾಯಿ ಒಳಗೆ ಹೋಗಲಾರದು. ಗಿಡ್ಡ ನಾಯಿ ನುಗ್ಗಿ, ಬೊಗಳಿ ನರಿಯನ್ನು ಹೊರಗೆ ಓಡಿಸಬೇಕು. ಕೊಲ್ಲುವುದು ಅದರ ಕೆಲಸವಲ್ಲ.

ಈಗ ನೀವೇ ಯೋಚಿಸಿ. ಅದು ಯಾಕೆ ಬೊಗಳುತ್ತೆ? ನೆಲದೊಳಗೆ ನಾಯಿ ಎಲ್ಲಿದೆ ಅಂತ ಮೇಲಿದ್ದವರಿಗೆ ಗೊತ್ತಾಗಲಿ ಅಂತ. ಯಾಕೆ ಮಣ್ಣು ಕೆದಕುತ್ತೆ? ಬಿಲದಲ್ಲಿ ದಾರಿ ಮಾಡಿಕೊಳ್ಳೋಕೆ. ಯಾಕೆ ಹಟಮಾರಿ? ಕತ್ತಲಲ್ಲಿ ಯಜಮಾನ ಜೊತೆಗಿಲ್ಲ, ತಾನೇ ತೀರ್ಮಾನ ಮಾಡಬೇಕು. ತನಗಿಂತ ದೊಡ್ಡ ಪ್ರಾಣಿಯ ಎದುರು ನಿಲ್ಲೋದಕ್ಕೆ ಧೈರ್ಯವೂ ಬೇಕು. ಇಂಥ ಗುಣವಿದ್ದ ನಾಯಿಗಳನ್ನೇ ಆರಿಸಿ ಆರಿಸಿ ಮರಿ ಮಾಡಿಸಿದವರು ಮನುಷ್ಯರು. ಇಂಗ್ಲೆಂಡಿನಲ್ಲಿ 2005ರಿಂದ ನಾಯಿ ಹಿಂಡು ಬಿಟ್ಟು ನರಿ ಬೇಟೆಯಾಡುವುದಕ್ಕೆ ಕಾನೂನಿನ ನಿಷೇಧವಿದೆ. ಆ ಬೇಟೆ ನಿಂತರೂ ಗುಣ ನಿಲ್ಲಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅಂತ ಗಾದೆಯೇ ಇದೆಯಲ್ಲ!

ಉಗ್ಗಿ ಎಂಬ ಇದೇ ಜಾತಿಯ ನಾಯಿಯನ್ನು 'ತುಂಬಾ ತುಂಟ, ಆಗೋದಿಲ್ಲ' ಅಂತ ಮೊದಲು ಸಾಕಿದವರು ಕೈಬಿಟ್ಟಿದ್ದರು. ಒಬ್ಬ ತರಬೇತುದಾರ ಅದನ್ನು ತಂದು ಕೆಲಸ ಕಲಿಸಿದ. ಅದು 2011ರ 'ದಿ ಆರ್ಟಿಸ್ಟ್' ಸಿನಿಮಾದಲ್ಲಿ ನಟಿಸಿ ಲೋಕಪ್ರಸಿದ್ಧವಾಯಿತು. ನಾಯಿ ಅದೇ, ಚುರುಕೂ ಅದೇ. ಸಿಕ್ಕಿದ್ದು ಕೆಲಸ ಮತ್ತು ತಾಳ್ಮೆ.

ನಮ್ಮ ಬೀದಿಯ ಒಂದು ಮನೆಗೂ ಪಟ್ಟಣದಿಂದ ಇಂಥ ಗಿಡ್ಡ ನಾಯಿ ಬಂದಿದೆ. ದಿನವಿಡೀ ಕಂಬಕ್ಕೆ ಕಟ್ಟಿರುತ್ತಾರೆ. ಅದು ಅಂಗಳ ಕೆದಕಿತು, ಕೋಳಿ ಅಟ್ಟಿಸಿತು. ಈಗ "ಸಂತೆ ದಿನ ಎಲ್ಲಾದರೂ ಬಿಟ್ಟು ಬರ್ತೀವಿ" ಅಂತಿದ್ದಾರೆ. ಇದು ಯಾವ ನ್ಯಾಯ? ಬೆಳಿಗ್ಗೆ ಸಂಜೆ ಓಡಾಡಿಸಿ, ಕೆದಕೋಕೆ ಹಿತ್ತಲಲ್ಲಿ ಒಂದು ಮೂಲೆ ಕೊಟ್ಟು, ಚೆಂಡು ಎಸೆದು ತರಿಸಿದರೆ ಅರ್ಧ ಕಾಟ ತಪ್ಪುತ್ತೆ.

"ಹಾಗಾದ್ರೆ ಕಚ್ಚಿದ್ರೂ ಸುಮ್ನಿರಬೇಕಾ?" ಅಂತ ಕೆಲವರು ಕೇಳಬಹುದು. ಖಂಡಿತ ಇಲ್ಲ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಬೇಕು. ನಾಯಿಗೂ ವರ್ಷ ವರ್ಷ ಲಸಿಕೆ ಹಾಕಿಸಬೇಕು. ಆದರೆ ಕಟ್ಟಿದ ನಾಯಿಗೆ ಕಲ್ಲು ಹೊಡೆದು ರೇಗಿಸುವುದನ್ನು ಮೊದಲು ನಾವು ಬಿಡಬೇಕು.

ನಾಯಿ ಸಾಕುವ ಮುಂಚೆ ಅದರ ಅಂದ ನೋಡಬೇಡಿ, ಗುಣ ಕೇಳಿ. ಆ ಗುಣಕ್ಕೆ ಬೇಕಾದ ಪುರುಸೊತ್ತು ನಮಗಿಲ್ಲ ಅಂದರೆ ತರಲೇಬಾರದು. ತಂದ ಮೇಲೆ ಬಿಡಬಾರದು. ಇದು ನನ್ನ ಅಭಿಪ್ರಾಯ. ನೀವೇನಂತೀರಿ? ಮುಂದಿನ ಸಂಚಿಕೆಗೆ ಬರೆದು ಕೊಡಿ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ