ತುಂಬಿದವರು ಬರೆಯಲಿ, ತೋಡಿದವರನ್ನು ಬೈಯಬೇಡಿ

ಹೋದ ಮಳೆಗಾಲದಲ್ಲಿ ನಮ್ಮ ಮನೆಯಲ್ಲೇ ನಡೆದದ್ದು. ಅಡಿಕೆಗೆ ಔಷಧಿ ಹೊಡೆದು ಮುಗಿದಿತ್ತು. ಉಳಿದ ಬೋರ್ಡೋ ದ್ರಾವಣ ನೀಲಿ ಡ್ರಮ್ಮಿನಲ್ಲಿ ಕೊಟ್ಟಿಗೆಯ ಪಕ್ಕ ನಿಂತಿತ್ತು. ಬೆಳಗಾಗುವುದರೊಳಗೆ ಸುಣ್ಣ, ಮೈಲುತುತ್ತ ಎಲ್ಲ ತಳಕ್ಕಿಳಿದು ಮೇಲೆ ತಿಳಿನೀರು. ಡ್ರಮ್ಮೇ ನೀಲಿ. ಒಳಗಿನ ನೀರಿನ ಬಣ್ಣ ಯಾರಿಗೆ ಗೊತ್ತಾಗಬೇಕು? ಅಮ್ಮ ಒಂದು ಬಕೆಟ್ ತೋಡಿ ಕರುವಿನ ಮುಂದಿಟ್ಟರು. ಕರು ಮೂತಿ ಇಡುವ ಮೊದಲೇ ಅಪ್ಪ ಕಂಡರು, ಓಡಿ ಬಂದು ಬಕೆಟ್ ಒದ್ದರು. ಕರು ಉಳಿಯಿತು.

ಆಮೇಲೆ ಶುರುವಾಯಿತು ಅಮ್ಮನಿಗೆ ಬೈಗುಳ. "ಕಣ್ಣು ಕಾಣೋದಿಲ್ವಾ? ನೋಡಿ ತಗೋಬಾರದಾ?" ಅಪ್ಪ ಬೈದರು, ಕೆಲಸಕ್ಕೆ ಬಂದವರು ತಲೆಯಾಡಿಸಿದರು, ನಾವು ಸುಮ್ಮನೆ ನಿಂತೆವು. ಈಗ ಕೇಳುತ್ತಿದ್ದೇವೆ: ಅಮ್ಮ ನೋಡಬೇಕಿದ್ದದ್ದು ಏನನ್ನು? ಹದಿನೈದು ದಿನದ ಹಿಂದೆ ಅದೇ ಡ್ರಮ್ಮಿನಲ್ಲಿ ಸೂರಿನ ನೀರು ಹಿಡಿದಿದ್ದೆವು. ಆಗಲೂ ಡ್ರಮ್ಮಿನ ಮೇಲೆ ಒಂದಕ್ಷರ ಇರಲಿಲ್ಲ, ಈಗಲೂ ಇರಲಿಲ್ಲ.

ತಪ್ಪು ತೋಡಿದವರದ್ದಲ್ಲ, ಬರೆಯದೆ ತುಂಬಿದವರದ್ದು. ಇದು ನಮ್ಮ ವಾದ.

ಮಲೆನಾಡಿನ ಯಾವ ಮನೆಗೆ ಹೋದರೂ ಇನ್ನೂರು ಲೀಟರಿನ ಇಂಥ ಡ್ರಮ್ಮು ಎರಡಾದರೂ ಇರುತ್ತವೆ. ಮಳೆಗಾಲದಲ್ಲಿ ಬೋರ್ಡೋ, ಆಮೇಲೆ ಜೀವಾಮೃತ, ಬೇಸಿಗೆಯಲ್ಲಿ ನೀರು. ಪಾತ್ರೆ ಒಂದೇ, ಒಳಗಿನದ್ದು ಬೇರೆ ಬೇರೆ. ಎಷ್ಟೋ ಡ್ರಮ್ಮುಗಳು ಸೆಕೆಂಡ್ ಹ್ಯಾಂಡ್. ಮೊದಲು ಏನಿತ್ತು ಎಂದು ಮಾರುವವರಿಗೂ ಗೊತ್ತಿರುವುದಿಲ್ಲ.

ನಿಮ್ಮ ಅಡುಗೆಮನೆಯ ಗ್ಯಾಸ್ ಸಿಲಿಂಡರ್ ನೋಡಿ. ಕುತ್ತಿಗೆಯ ಪಟ್ಟಿಯ ಮೇಲೆ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ಇಸವಿ. ಯಾವ ಮೂರು ತಿಂಗಳೊಳಗೆ ಅದರ ಮುಂದಿನ ತಪಾಸಣೆ ಆಗಬೇಕು ಎಂಬ ಗುರುತು ಅದು. ಊರೂರು ಸುತ್ತುವ ಸಿಲಿಂಡರಿಗೂ ಮೈಮೇಲೆ ಬರಹ ಇದೆ. ನಮ್ಮ ಅಂಗಳದ ಡ್ರಮ್ಮು ಮಾತ್ರ ಮೂಕ.

"ನಮ್ಮ ಮನೆ ಡ್ರಮ್ಮು ನಮಗೆ ಗೊತ್ತಿಲ್ವಾ?" ಎನ್ನುತ್ತೀರಿ. ಗೊತ್ತಿರುವುದು ತುಂಬಿದ ಒಬ್ಬರಿಗೆ. ಅವರು ಪೇಟೆಗೆ ಹೋದ ದಿನ ಮನೆಯಲ್ಲಿರುವುದು ಅಜ್ಜಿ, ಸೊಸೆ, ಶಾಲೆಯ ಮಕ್ಕಳು, ಹೊಸದಾಗಿ ಕೆಲಸಕ್ಕೆ ಬಂದವರು. ಒಬ್ಬರ ತಲೆಯಲ್ಲಿರುವ ಮಾಹಿತಿಯನ್ನು ನಂಬಿ ಇಡೀ ಮನೆ ನೀರು ತೋಡಬೇಕೇ?

2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಇದ್ದದ್ದು ಪ್ರಯೋಗಾಲಯದಲ್ಲಿ ಖಚಿತವಾಯಿತು. ಎಣ್ಣೆ ಸರಿಯಿಲ್ಲ ಎಂದು ಅಡುಗೆಯವರು ಮೊದಲೇ ಹೇಳಿದ್ದರು ಎಂದು ಆಗ ಪತ್ರಿಕೆಗಳು ಬರೆದವು. ಅಲ್ಲೂ ಸೌಟು ಹಿಡಿದವರ ಮಾತು ನಡೆಯಲಿಲ್ಲ.

"ಬರೆದರೆ ಮಳೆಗೆ ಅಳಿಸಿ ಹೋಗುತ್ತೆ" ಎನ್ನುವುದು ಎರಡನೆಯ ನೆಪ. ಇದಕ್ಕೆ ಹತ್ತು ರೂಪಾಯಿಯ ಸೀಸದ ಕಡ್ಡಿ ಸಾಕು. ಹಳೆಯ ಬಿಳಿ ಪ್ಲಾಸ್ಟಿಕ್ ಡಬ್ಬದಿಂದ ಅಂಗೈಯಗಲ ತುಂಡು ಕತ್ತರಿಸಿ. ಕೀಟನಾಶಕದ ಡಬ್ಬ ಮಾತ್ರ ಮುಟ್ಟಬೇಡಿ. ತುಂಡಿನ ನುಣುಪು ಹೋಗುವಷ್ಟು ಮರಳು ಕಾಗದದಲ್ಲಿ ಉಜ್ಜಿ, ತೂತು ಮಾಡಿ, ತಂತಿಯಲ್ಲಿ ಡ್ರಮ್ಮಿನ ಕುತ್ತಿಗೆಗೆ ಕಟ್ಟಿ. ಅದರ ಮೇಲೆ ಪೆನ್ಸಿಲಿನಲ್ಲಿ ಒತ್ತಿ ಬರೆದದ್ದು ಮಳೆಗೆ ಹೋಗುವುದಿಲ್ಲ. ಡ್ರಮ್ಮು ಖಾಲಿಯಾದಾಗ ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿದರೆ ಹೋಗುತ್ತದೆ. ಮತ್ತೆ ಬರೆಯಿರಿ. ಡ್ರಮ್ಮು ಸೂರಿನ ಒಳಗೇ ಇರುತ್ತದಾದರೆ ಕಪ್ಪುಹಲಗೆಯ ಬಣ್ಣ ಎರಡು ಕೈ ಹೊಡೆದು ಸೀಮೆಸುಣ್ಣದಲ್ಲಿ ಬರೆದರೂ ನಡೆಯುತ್ತದೆ. ಮುಚ್ಚಳದ ಮೇಲೆ ಮಾತ್ರ ಬರೆಯಬೇಡಿ. ಇವತ್ತಿನ ಮುಚ್ಚಳ ನಾಳೆ ಪಕ್ಕದ ಡ್ರಮ್ಮಿನ ಮೇಲಿರುತ್ತದೆ.

ಬರೆಯಬೇಕಾದ್ದು ಮೂರೇ: ಒಳಗೇನಿದೆ, ಯಾವ ದಿನ ತುಂಬಿದ್ದು, ತುಂಬಿದ್ದು ಯಾರು. ತಾರೀಖು ಸುಮ್ಮನೆ ಅಲ್ಲ. ಬೋರ್ಡೋ ಮಾಡಿದ ದಿನವೇ ಹೊಡೆದು ಮುಗಿಸಬೇಕು. ಸಗಣಿ, ಗಂಜಲ, ಬೆಲ್ಲ, ಬೇಳೆ ಹಿಟ್ಟು ಹಾಕಿ ಕಲಸಿದ ಜೀವಾಮೃತ ಎರಡು ಮೂರು ದಿನ ಹುಳಿಯಬೇಕು, ಆಮೇಲೆ ವಾರದೊಳಗೆ ಗಿಡದ ಬುಡ ಸೇರಬೇಕು. "ಮೊನ್ನೆ ಮೊನ್ನೆ ಮಾಡಿದ್ದು" ಎಂಬ ಲೆಕ್ಕದಲ್ಲಿ ಎಷ್ಟು ಡ್ರಮ್ಮು ಜೀವಾಮೃತ ಕೊಳೆತು ಹೋಗಿದೆ, ನೀವೇ ನೆನಪಿಸಿಕೊಳ್ಳಿ.

ಮೂರನೆಯ ಮಾತು, "ಓದಲು ಬಾರದವರಿಗೆ?" ಇದು ನೆಪವಲ್ಲ, ನಿಜವಾದ ಪ್ರಶ್ನೆ. ಚಿತ್ರ ಬರೆಯಿರಿ. ನೀರಿಗೆ ಬಿಂದಿಗೆ, ಜೀವಾಮೃತಕ್ಕೆ ಹಸು, ಔಷಧಿಗೆ ಕೆಂಪು ಗುಣಿಸು ಗುರುತು. ಮನೆಯವರನ್ನೆಲ್ಲ ಕರೆದು ಒಮ್ಮೆ ತೋರಿಸಿ.

ಅಳಿಸಿ ಬರೆಯುವ ಹಲಗೆ ವಿಷಕ್ಕೆ ಬೇಡ ಎನ್ನುವುದನ್ನೂ ಒತ್ತಿ ಹೇಳುತ್ತೇವೆ. ಬೋರ್ಡೋ ಕಲಸುವ ಡ್ರಮ್ಮು ಮತ್ತೆ ನೀರಿನ ಡ್ರಮ್ಮಾಗಬಾರದು. ಅದರ ಮೈಮೇಲೆ "ಔಷಧಿ" ಎಂದು ಎಣ್ಣೆ ಬಣ್ಣದಲ್ಲಿ, ಅಳಿಯದ ಹಾಗೆ ಬರೆದುಬಿಡಿ. ಅಂಗಡಿಯಿಂದ ತಂದ ಕೀಟನಾಶಕ ತನ್ನ ಡಬ್ಬದಲ್ಲೇ ಇರಲಿ. ಅದರ ಮೇಲಿನ ತ್ರಿಕೋನದ ಬಣ್ಣ ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ತಂಪು ಪಾನೀಯದ ಬಾಟಲಿಗೆ ಸುರಿದ ಕ್ಷಣ ಆ ಎಚ್ಚರಿಕೆ ಸತ್ತುಹೋಗುತ್ತದೆ, ಉಳಿಯುವುದು ಮಗುವಿನ ಕೈಗೆಟಕುವ ಜ್ಯೂಸ್ ಬಾಟಲಿ. ಖಾಲಿ ಡಬ್ಬವನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕು ಎನ್ನುತ್ತವೆ 1971ರ ಕೀಟನಾಶಕ ನಿಯಮಗಳು. ನಾವು ಅದರಲ್ಲಿ ಸೀಮೆಎಣ್ಣೆ ಇಡುತ್ತೇವೆ, ಕೆಲವರು ಗದ್ದೆಗೆ ನೀರು ಒಯ್ಯುತ್ತಾರೆ.

ಔಷಧಿ ಹೇಗೆ ಕಲಸಬೇಕು ಎಂದು ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಎಲ್ಲರಿಗೂ ಬಾಯಿಪಾಠ. ಕಲಸಿದ ಡ್ರಮ್ಮಿನ ಮೇಲೆ ಏನು ಬರೆಯಬೇಕು ಎಂದು ಹೇಳಿದ್ದನ್ನು ನಾವು ಹೋದ ಯಾವ ಸಭೆಯಲ್ಲೂ ಕೇಳಿಲ್ಲ. ಆ ಸಭೆಗಳಿಗೆ ಕುರ್ಚಿ ಹಾಕುವುದು ಗಂಡಸರಿಗೆ. ಮರುದಿನ ಡ್ರಮ್ಮಿನಿಂದ ತೋಡುವುದು ಹೆಂಗಸರು. ಇನ್ನು ಮುಂದೆ ತರಬೇತಿ ಕೊಡುವವರು ಬಂದಾಗ ಇದನ್ನು ಎದ್ದು ನಿಂತು ಕೇಳಿ.

ನಮ್ಮ ಮನೆಯಲ್ಲಿ ಈಗ ಒಂದು ಕಟ್ಟಳೆ. ತೊಳೆದಿಟ್ಟ ಡ್ರಮ್ಮಿಗೂ "ಖಾಲಿ, ತೊಳೆದಿದೆ" ಎಂಬ ಹಲಗೆ. ಬರಹವಿಲ್ಲದ ಡ್ರಮ್ಮು ಎಂದರೆ ವಿಷದ ಡ್ರಮ್ಮು, ಯಾರೂ ಮುಟ್ಟುವಂತಿಲ್ಲ. ಪೆನ್ಸಿಲ್ ಕೊಟ್ಟಿಗೆಯ ಕಂಬಕ್ಕೆ ದಾರದಲ್ಲಿ ತೂಗುತ್ತಿದೆ. ಬರೆಯದೆ ತುಂಬಿದವರಿಗೆ ಬೈಯುವ ಹಕ್ಕು ಅಮ್ಮನದ್ದು. ಈ ವರ್ಷ ಅಪ್ಪ ಎರಡು ಸಲ ಬೈಸಿಕೊಂಡಿದ್ದಾರೆ.